ಜೈಸಲ್ಮೇರಿನಲ್ಲಿ ಚಿಕ್ಕಪ್ಪ ಕುದುರಿಸಿದ ಒಂಟೆ

ರಾಯದುರ್ಗದವರು ದುಡ್ಡು ಕೊಟ್ಟು ಮರಳುಗಾಡು ನೋಡಲು ಹೋಗುತ್ತಾರೆಂದರೆ ಯಾರಿಗಾದರೂ ನಗು ಬರಬೇಕು. ಬೊಮ್ಮನಹಾಳ್ ದಾರಿಯಲ್ಲಿ ಬಸ್ಸಿನ ಕಿಟಕಿ ತೆರೆದು ಕೂತರೆ ಅದೇ ಮರಳು ಪುಕ್ಕಟೆಯಾಗಿ ಬಾಯಿಗೇ ಬಂದು ಬೀಳುತ್ತದೆ. ಆದರೂ ಹೋದೆವು. ಹೊರಡುವ ವಾರ ಚಿಕ್ಕಮ್ಮನಿಗೆ ಮೊಣಕಾಲು ಹಿಡಿದುಕೊಂಡಿತು. ಕಟ್ಟಿದ ದುಡ್ಡು ವಾಪಸು ಬರುವುದಿಲ್ಲವೆಂದು ಅವರ ಸೀಟಿನಲ್ಲಿ ಚಿಕ್ಕಪ್ಪನನ್ನು ಕೂರಿಸಿದೆವು. ಕುರಿ ಸಾಕಿ, ಕುರಿ ಮಾರಿ ತಲೆ ನರೆತ ಮನುಷ್ಯ, ಹಿಂದಿ ಬಾರದು. ನಾನು ಶಾಲೆಯಲ್ಲಿ ಹಿಂದಿ ಪಾಠ ಮಾಡುವವಳಾದ್ದರಿಂದ ಅವರ ಬಾಯಾಗಿ ನನ್ನ ನೇಮಕವಾಯಿತು.

ಟೂರಿಗೆ ಕರೆದುಕೊಂಡು ಹೋದವನು ಅನಂತಪುರದವನು; ಜೋಧಪುರದವರೆಗೆ ರೈಲು, ಅಲ್ಲಿಂದ ಬಸ್ಸು. "ಪದಂಡಿ ಪದಂಡಿ" ಎಂದು ತೆಲುಗಿನಲ್ಲಿ ನಮ್ಮನ್ನು ಮುಂದಕ್ಕೆ ಅಟ್ಟುವುದೇ ಅವನಿಗೆ ಗೊತ್ತಿದ್ದ ಇತಿಹಾಸ. ಜೋಧಪುರದ ಕೋಟೆಯಲ್ಲಿ ಒಂದು ಪಲ್ಲಕ್ಕಿಯನ್ನೂ ನೆಟ್ಟಗೆ ನೋಡಲು ಬಿಡಲಿಲ್ಲ. ನಮ್ಮವರಿಗೂ ನೋಡುವುದು ಬೇಕಿರಲಿಲ್ಲ. ಪ್ರತಿ ಬಾಗಿಲಿಗೂ ಒರಗಿ ಫೋಟೋ ತೆಗೆಸಿಕೊಂಡರೆ ಸಾಕಿತ್ತು. ನಮ್ಮ ರಾಯದುರ್ಗದ ಬೆಟ್ಟದ ಮೇಲೇ ಕೋಟೆ ಇದೆ. ಅದನ್ನು ಪೂರ್ತಿ ಹತ್ತಿದವರು ಆ ಬಸ್ಸಿನಲ್ಲಿ ಒಬ್ಬರೂ ಇರಲಿಲ್ಲ, ನನ್ನನ್ನೂ ಸೇರಿಸಿ.

ಚಿಕ್ಕಪ್ಪ ಮಾತ್ರ ಕೋಟೆಯನ್ನು ಸುತ್ತಿ ನೋಡಿ, "ಜಾಗ ಚಲೋ ಐತವ್ವ. ಕುರಿ ಕೂಡಿಹಾಕಿದ್ರ ತೋಳ ಬರಂಗಿಲ್ಲ" ಎಂದರು.

ಅದು ಅನಂತಪುರದವನ ಕಿವಿಗೆ ಬಿತ್ತು. ಮೈಕಿನಲ್ಲಿ ಹೇಳಿ ಬಸ್ಸನ್ನೆಲ್ಲ ನಗಿಸಿದ. ಆಮೇಲೆ ಯಾವ ಹವೇಲಿಗೆ ಹೋದರೂ, ಯಾವ ಬಜಾರಿಗೆ ಹೋದರೂ, "ತಾತಾ, ಇಲ್ಲೆಷ್ಟು ಕುರಿ ಹಿಡಿಸ್ತಾವ?" ಎಂಬ ಅದೇ ಹಳಸಲು ಹಾಸ್ಯ. ಊರ ಸಂತೆಯಲ್ಲಿ ಚಿಕ್ಕಪ್ಪನ ಬಾಯಿಂದ ಒಂದು ರೇಟು ಬಂತೆಂದರೆ ಕಾಗದವಿಲ್ಲದೆ ಹಿಂಡು ಕೈ ಬದಲಾಗುತ್ತದೆ. ಆಡಿದ ಮಾತಿಗೆ ತಪ್ಪಿದವರಲ್ಲ, ಅದೊಂದೇ ಅವರ ಆಸ್ತಿ. ಇಲ್ಲಿ ಅವರು ಬಸ್ಸಿನ ಕೋಡಂಗಿಯಾಗಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಜೈಸಲ್ಮೇರಿನಾಚೆ ಮರಳ ದಿಬ್ಬಗಳ ಹತ್ತಿರ ಒಂಟೆಯವರು ನಮ್ಮನ್ನು ಮುತ್ತಿಕೊಂಡರು. ಎಲ್ಲರೂ ಸವಾರಿಯ ರೇಟು ಕೇಳುತ್ತಿದ್ದರೆ ಚಿಕ್ಕಪ್ಪ ಒಬ್ಬ ಮುದುಕನ ಒಂಟೆಯ ತುಟಿ ಬಿಡಿಸಿ ಹಲ್ಲು ನೋಡಿದರು. ಹೆಗಲ ಟವೆಲ್ ತೆಗೆದು ಅವನ ಕೈಮೇಲೆ ಹೊದಿಸಿ, ಅದರಡಿಯಲ್ಲಿ ಬೆರಳು ಹಿಡಿದರು. ನಮ್ಮ ಸಂತೆಯಲ್ಲಿ ವ್ಯಾಪಾರ ನಡೆಯುವುದೇ ಹಾಗೆ, ಬೆರಳ ಲೆಕ್ಕದಲ್ಲಿ, ಸುತ್ತ ನಿಂತವರಿಗೆ ರೇಟು ತಿಳಿಯಬಾರದೆಂದು. ಆ ಮುದುಕನಿಗೂ ಅದು ಗೊತ್ತಿತ್ತು. ಅವನ ಮುಖ ಅರಳಿತು. ಬಸ್ಸಿನವರೆಲ್ಲ ಸವಾರಿ ಬಿಟ್ಟು ಸುತ್ತ ನಿಂತರು. ಚಿಕ್ಕಪ್ಪ ತಲೆ ಅಲ್ಲಾಡಿಸಿದರು, ಬೇಡವೆಂದು ಹೊರಟುಹೋದರು, ತಿರುಗಿ ಬಂದು ಮತ್ತೆ ಬೆರಳು ಹಿಡಿದರು. ಅನಂತಪುರದವನೂ ಕುರಿಯ ಹಾಸ್ಯ ಮರೆತು ಕತ್ತು ಚಾಚಿ ನೋಡುತ್ತಿದ್ದ. ಸುಳ್ಳೇಕೆ, ನನಗೂ ಹೆಮ್ಮೆಯಾಯಿತು.

ಎಡವಟ್ಟಾದದ್ದು ಇಷ್ಟೇ: ಮುದುಕ ಒಪ್ಪಿಬಿಟ್ಟ. ಒಂಟೆಯ ಹಗ್ಗವನ್ನು ತಂದು ಚಿಕ್ಕಪ್ಪನ ಕೈಗಿಟ್ಟ.

"ಈಗೇನ್ ಮಾಡ್ಲವ್ವ?" ಎಂದರು ಚಿಕ್ಕಪ್ಪ, ತಗ್ಗಿದ ದನಿಯಲ್ಲಿ.

"ಬೇಕಿತ್ತೇನ್ರಿ ನಿಮಗಿದು?"

"ರೈಲಿನಾಗ ಹಿಡಿಸಂಗಿಲ್ಲ ಅಂತ ಹೇಳು."

ಹೇಳಿದೆ. ನಿಮ್ಮ ಕಡೆ ಮಳೆ ಹೇಗೆ ಎಂದು ಕೇಳಿದ ಮುದುಕ. ಅಷ್ಟಕ್ಕಷ್ಟೇ ಎಂದೆ. ಮರಳು? ಇದೆ. ಮುಳ್ಳಿನ ಗಿಡ? ಬೇಕಾದಷ್ಟು. ಹಾಗಾದರೆ ಒಂಟೆಗೇನು ಕಷ್ಟ, ಲಾರಿ ನಾನೇ ಗೊತ್ತುಮಾಡುತ್ತೇನೆ ಎಂದ. ಕೊನೆಗೆ, ಬೇಡವಂತೆ, ಸುಮ್ಮನೆ ಕೇಳಿದರಂತೆ ಎಂದುಬಿಟ್ಟೆ.

ಮುದುಕ ಸಿಟ್ಟಾಗಲಿಲ್ಲ. ಹಗ್ಗ ವಾಪಸು ತೆಗೆದುಕೊಂಡು, ನಗುತ್ತ ಏನೋ ಹೇಳಿ, ಇನ್ನೊಂದು ಬಸ್ಸಿನ ಕಡೆ ಹೊರಟ.

"ಏನಂದ? ಬೈದನೇನು?"

"ಇಲ್ರಿ. ಟೂರಿಸ್ಟ್ ಮಂದಿ ಹಿಂಗ ಮಾತಾಡ್ತಿರ್ತಾರ, ಅದನ್ನ ಯಾರೂ ಲೆಕ್ಕಕ್ಕ ಹಿಡಿಯಂಗಿಲ್ಲ ಅಂದ."

ಚಿಕ್ಕಪ್ಪ ಆ ಒಂಟೆ ಹೋದ ದಿಕ್ಕನ್ನೇ ನೋಡುತ್ತ ನಿಂತರು.

"ಬೈದಿದ್ರ ಚಲೋ ಇತ್ತವ್ವ" ಎಂದರು.