ಹರಾಜು ಕೂಗುವ ಹೋಬರ್ಟನ ಮೂಗು

ಹೋಬರ್ಟ್ ಲೈಕಿನ್ಸ್ ಯಾರನ್ನೂ ನಂಬಿದವನಲ್ಲ. ಅಂಗಡಿಯ ತಕ್ಕಡಿಯಿರಲಿ, ರೇಡಿಯೋದ ಹವಾ ವರದಿಯಿರಲಿ, ಎಲ್ಲದರಲ್ಲೂ ಅವನಿಗೆ ಮೋಸವೇ ಕಾಣುತ್ತಿತ್ತು. ಆದರೆ ನಮ್ಮ ಕೆಂಟಕಿ ಗುಡ್ಡಗಳಲ್ಲಿ ತಂಬಾಕಿನ ಹರಾಜು ಕೂಗುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಮೂಗಿನಿಂದ ಹೊರಟ ಆ ದನಿ ಗೋದಾಮಿನ ಆಚೆ ತುದಿಗೂ ಕೇಳುತ್ತಿತ್ತು.

ಮೊಮ್ಮಗಳು ಟೆಸ್ಸಿ ಸೀಳು ಅಂಗುಳದೊಂದಿಗೆ ಹುಟ್ಟಿದಾಗ ಅವನ ಅನುಮಾನ ಸೊಸೆ ವರ್ಲೀನಳ ತವರಿನ ಮೇಲೆ ಬಿತ್ತು. "ನಮ್ ವಂಶದಲ್ಲಿ ಇಂಥದ್ದೆಲ್ಲ ಇಲ್ಲಪ್ಪ," ಎಂದು ಅವಳು ಬಡಿಸುತ್ತಿರುವಾಗಲೇ ನೆಂಟರೆದುರು ಹೇಳುತ್ತಿದ್ದ. ಪಕ್ಕದ ಮನೆಯವಳಾದ ನಾನೂ ಕೇಳಿ ಹಲ್ಲು ಕಚ್ಚಿದ್ದೇನೆ.

ಅಂಗುಳ ಹೊಲಿಸಿದ ಮೇಲೂ ಟೆಸ್ಸಿಯ ಮಾತು ಮೂಗಿನಲ್ಲಿ ಸೋರಿಹೋಗುತ್ತಿತ್ತು. ಶಾಲೆಯ ಮಕ್ಕಳು ಅಣಕಿಸಿದರು. ಅವಳು ಅಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದಳು. ಮಾತು ಮೂಗಿನಲ್ಲಿ ಎಷ್ಟು ಸೋರುತ್ತದೆಂದು ಯಂತ್ರದಲ್ಲಿ ಅಳೆದು, ಇನ್ನೊಂದು ಆಪರೇಷನ್ ಬೇಕೆಂದರು ಆಸ್ಪತ್ರೆಯವರು. ಸರಕು ದೋಣಿಯಲ್ಲಿ ದುಡಿಯುವ ವರ್ಲೀನಳ ಗಂಡ, "ಅಪ್ಪ ಹೂಂ ಅಂದ್ರೆ ಸರಿ," ಎಂದು ಕೈ ತೊಳೆದುಕೊಂಡ. ಅವನಪ್ಪ ಹೋಬರ್ಟನೋ, ಮೊದಲು ಆ ಯಂತ್ರ ನೋಡಬೇಕೆಂದ. ನಾನೇ ಎಲ್ಲರನ್ನೂ ಕಾರಿನಲ್ಲಿ ಕರೆದೊಯ್ದೆ.

ಮಾತಿನ ಚಿಕಿತ್ಸೆಯ ಪ್ರೂಯಿಟ್ ಎಂಬಾಕೆ ಟೆಸ್ಸಿಯ ತಲೆಗೆ ಪಟ್ಟಿ ಕಟ್ಟಿ, ಮೂಗು ತುಟಿಗಳ ನಡುವೆ ತಗಡೊಂದನ್ನು ನಿಲ್ಲಿಸಿದಳು. ತಗಡಿನ ಮೇಲೆ ಮೂಗಿನ ಸದ್ದಿಗೊಂದು ಮೈಕು, ಕೆಳಗೆ ಬಾಯಿಯ ಸದ್ದಿಗೊಂದು. ನ, ಮದಂಥ ಮೂಗಿನ ಅಕ್ಷರವೇ ಇಲ್ಲದ ವಾಕ್ಯ ಓದಿಸಿದಳು: "ಅಪ್ಪ ಕಪ್ಪು ಟೋಪಿ ಹಾಕಿದ." ಇದರಲ್ಲಿ ಮೂಗಿನ ಪಾಲು ನೂರಕ್ಕೆ ಇಪ್ಪತ್ತರ ಆಸುಪಾಸಿನಲ್ಲಿರಬೇಕಂತೆ. ಪರದೆಯಲ್ಲಿ ಐವತ್ತು ದಾಟಿತು.

"ಯಂತ್ರ ನಿಮ್ದು, ಅಂಕಿ ನಿಮ್ದು, ಕತ್ತೀನೂ ನಿಮ್ದೇ," ಎಂದ ಹೋಬರ್ಟ್. "ನಂಗೆ ಕಟ್ಟಮ್ಮ ಅದನ್ನ. ಬಣ್ಣ ಬಯಲಾಗ್ಲಿ."

ಅವನು ಓದಿದಾಗ ನಲವತ್ತು ದಾಟಿತು.

"ನೋಡಿದ್ರಾ? ನಂಗೂ ಕೊಯ್ತಾರಂತೆ!" ಎಂದು ನಮ್ಮ ಕಡೆ ತಿರುಗಿ ನಕ್ಕ. ನನಗೂ ಅರೆಕ್ಷಣ ಅನುಮಾನವಾಯಿತು. ಪ್ರೂಯಿಟ್ ತಾನೇ ಕಟ್ಟಿಕೊಂಡು ಓದಿದಳು, ನನಗೂ ಕಟ್ಟಿದಳು. ಇಬ್ಬರದೂ ಇಪ್ಪತ್ತು ದಾಟಲಿಲ್ಲ. ಆಮೇಲೆ ಹೋಬರ್ಟನ ಬಾಯಿ ತೆರೆಸಿ ಬೆಳಕು ಬಿಟ್ಟಳು.

"ಕಿರುನಾಲಿಗೆ ಎರಡಾಗಿದೆ ನೋಡಿ. ಅಂಗುಳದ ಚರ್ಮ ಕೂಡ್ಕೊಂಡಿದೆ, ಒಳಗೆ ಸೀಳಿರೋ ಹಾಗಿದೆ. ಹುಟ್ಟಿನಿಂದ್ಲೇ ಇರತ್ತೆ ಇದು. ಕೆಲವು ಮನೆತನದಲ್ಲಿ ಹರಿದು ಬರತ್ತೆ."

ಆ ಮಾತನ್ನೂ ನಂಬದೆ ಅವನು ಕನ್ನಡಿ ಕೇಳಿದ. ಬಾಯಗಲಿಸಿ ಬಹಳ ಹೊತ್ತು ನೋಡಿಕೊಂಡ.

"ತಾತ," ಎಂದಳು ಟೆಸ್ಸಿ, "ಶಾಲೇಲಿ ನಿನ್ನನ್ನೂ ಅಣಕಿಸ್ತಿದ್ರಾ?"

"ದಿನಾ," ಎಂದ. ಕನ್ನಡಿ ಕೆಳಗಿಟ್ಟು ಸೊಸೆಯ ಕಡೆ ನೋಡಿದ. "ಮಾಡ್ಸಮ್ಮ ವರ್ಲೀನ್. ಇದು ನಿಮ್ಮನೇದಲ್ಲ. ನಮ್ಮನೇದೇ."

ವರ್ಲೀನ್ ಪ್ರೂಯಿಟ್ ಕಡೆ ತಿರುಗಿ, ಆಪರೇಷನ್ ಯಾವತ್ತು ಎಂದು ಕೇಳಿದಳು.