ಕಾಪುವಿನ ಮೇಲೆ ಸುತ್ತಿದ ವಿಮಾನ

ಕಾಪುವಿನಲ್ಲಿ ಅವನಿಗೆ ವಿಮಾನ ಸುಂದರ ಎಂದೇ ಹೆಸರು. ವಿಮಾನ ಓಡಿಸುವವನೆಂದು ಅರ್ಧ ಊರು ನಂಬಿತ್ತು. ಪಾಪ, ಅವನು ಒಮ್ಮೆಯೂ ವಿಮಾನ ಹತ್ತಿದವನಲ್ಲ. ಬಜಪೆ ವಿಮಾನ ನಿಲ್ದಾಣದ ಗೋಪುರದಲ್ಲಿ ಕೂತು, ಗಾಳಿ ಯಾವ ಕಡೆಯದು, ರನ್‌ವೇ ಎಷ್ಟು ದೂರ ಕಾಣುತ್ತದೆ ಎಂದು ಪೈಲಟ್‌ಗಳಿಗೆ ರೇಡಿಯೋದಲ್ಲಿ ಹೇಳುವುದು ಅವನ ಕೆಲಸ. ದಿನವಿಡೀ ಮುಖ ಕಾಣದವರೊಡನೆ ಮಾತು. ಮನೆಗೆ ಬಂದರೆ ಮಾತಿಗೇ ಜನವಿಲ್ಲ.

ತಂದೆತಾಯಿ ಹೋಗಿ, ಮದುವೆ ಕೂಡಿಬರದೆ ಉಳಿದ ಅವನಿಗೆ ನೆರೆಮನೆಯ ಖದೀಜಮ್ಮ ಒಬ್ಬರೇ ದಿಕ್ಕು. ಬೊಂಬಾಯಿ ವಿಮಾನದ ಸದ್ದು ತಲೆಯ ಮೇಲೆ ಹೋದರೆ ಅವರು ಒಲೆ ಹೊತ್ತಿಸುತ್ತಿದ್ದರು. ಅದು ಇಳಿದು ಮತ್ತೆ ಹಾರಿದರೆ ಸುಂದರನ ಡ್ಯೂಟಿ ಮುಗಿಯುತ್ತದೆ. ಅವನು ಬಸ್ಸಿಳಿಯುವಾಗ ಅಕ್ಕಿರೊಟ್ಟಿ ಬಿಸಿಯಿರಬೇಕು.

ಎಪ್ಪತ್ತೊಂಬತ್ತರ ಮಳೆಗಾಲದಲ್ಲಿ ಅವರು ಹಾಸಿಗೆ ಹಿಡಿದರು. ಅವರನ್ನು ನೋಡಲು ಕಿರಿಮಗ ಪುತ್ತುಬ್ಬ ಬೊಂಬಾಯಿಯಿಂದ ವಿಮಾನ ಹತ್ತಿದ ದಿನವೇ, ಊರಲ್ಲೇ ಬೇರೆ ಮನೆ ಮಾಡಿದ್ದ ಹಿರಿಮಗ ಶೇಕಬ್ಬನ ಫೋನು ಗೋಪುರಕ್ಕೆ ಬಂತು.

"ಉಮ್ಮ ಹೋದರು. ಸಂಜೆಯೊಳಗೆ ದಫನ ಆಗಬೇಕು. ತಮ್ಮ ಆ ವಿಮಾನದಲ್ಲಿದ್ದಾನೆ. ಹೇಗಾದರೂ ಇಳಿಸಿ ಸುಂದರಣ್ಣ."

ರನ್‌ವೇ ಇರುವ ಗುಡ್ಡದ ಮೇಲೆ ಮೋಡ ಕೂತಿತ್ತು. ಸುಂದರ ವಿಮಾನವನ್ನು ಕಾಪು ಕಡೆಯ ಸಮುದ್ರದ ಮೇಲೆ ಎತ್ತರದಲ್ಲೇ ಸುತ್ತಲು ಹೇಳಿದ. ಕೆಳಗೆ ಖದೀಜಮ್ಮನ ಮಯ್ಯತ್ ಇಟ್ಟುಕೊಂಡು ದಫನಕ್ಕೆ ಕಾಯುತ್ತಿದ್ದವರಿಗೆಲ್ಲ ಆ ಸದ್ದು ಕೇಳಿತು.

"ಈಗ ಹೇಗಿದೆ?" ಎಂದು ಪೈಲಟ್ ಕೇಳಿದರು.

ತೆರವಾಗುತ್ತಿದೆ ಎಂಬ ಒಂದು ಮಾತು ಸುಂದರನ ನಾಲಿಗೆಯ ತುದಿಗೆ ಬಂತು. ಆ ಮಾತು ನಂಬಿ ಅವರು ಇಳಿಯಲು ನೋಡಿದರೆ ಗುಡ್ಡ ಯಾರ ಮಾತನ್ನೂ ಕೇಳುವುದಿಲ್ಲ. "ರನ್‌ವೇ ಕಾಣುತ್ತಿಲ್ಲ," ಎಂದ. ವಿಮಾನ ಬೊಂಬಾಯಿಗೆ ತಿರುಗಿತು. ಸದ್ದು ಬಡಗು ದಿಕ್ಕಿಗೆ ಸರಿದು ಕರಗಿದ್ದನ್ನೂ ಊರು ಕೇಳಿತು.

ಮರುದಿನದಿಂದ ಶೇಕಬ್ಬ ಅವನನ್ನು ಕಂಡರೆ ಮುಖ ತಿರುಗಿಸಿದ. ವಿಮಾನ ವಾಪಸ್ ಕಳಿಸಿದ್ದಲ್ಲದೆ ಮಣ್ಣಿಗೂ ಬರಲಿಲ್ಲ ಎಂದು ಊರು ಆಡಿಕೊಂಡಿತು. ಯಾರಿಗೆ ಹೇಳುವುದು, ಎಂತ ಹೇಳುವುದು? ಸುಂದರ ಎಂದಿನಂತೆ ಬಸ್ಸು ಹತ್ತಿ ಡ್ಯೂಟಿಗೆ ಹೋಗುತ್ತಿದ್ದ.

ಪುತ್ತುಬ್ಬ ಬಸ್ಸಿನಲ್ಲಿ ಊರು ಸೇರಿದವನು ನೇರ ಸುಂದರನ ಜಗಲಿಗೆ ಬಂದ. ಜಗಳಕ್ಕೇ ಬಂದನೆಂದು ಸುಂದರ ಎದ್ದು ನಿಂತ.

"ಬೈಯಲಿಕ್ಕೆ ಬಂದದ್ದಲ್ಲ, ಸುಂದರಣ್ಣ. ಮೇಲೆ ಸುತ್ತುವಾಗ ಉಮ್ಮ ಇದ್ದಾರೆ ಅಂತಲೇ ತಿಳಿದಿದ್ದೆ. ನೀವಾದರೂ ನೋಡಿದ್ದೀರಲ್ಲ, ಕೊನೆಗೆ ಮುಖ ಹೇಗಿತ್ತು?"

"ನಾನೂ ನೋಡಲಿಲ್ಲ ಮಾರಾಯ. ನೀನು ಬೊಂಬಾಯಿಯಲ್ಲಿ ಇಳಿದ ಸುದ್ದಿ ಬರುವವರೆಗೆ ನಾನು ಕುರ್ಚಿ ಬಿಟ್ಟು ಏಳುವ ಹಾಗಿರಲಿಲ್ಲ."

ಪುತ್ತುಬ್ಬ ಜಗಲಿಯ ಮೇಲೆ ಕುಸಿದು ಕೂತು ಅತ್ತ. ಸುಂದರನೂ ಅತ್ತ. ವಾರ ಕಳೆದು ಪುತ್ತುಬ್ಬ ಬೊಂಬಾಯಿಗೆ ಹೊರಟುಹೋದ.

ಅದೇ ಸಂಜೆ ಸುಂದರ ಬಸ್ಸಿಳಿದ. ಬೊಂಬಾಯಿ ವಿಮಾನ ಆ ದಿನವೂ ಊರ ಮೇಲೆ ಹಾದು ಕ್ಷೇಮವಾಗಿ ಇಳಿದಿತ್ತು. ನೆರೆಮನೆಯ ಒಲೆ ಹೊತ್ತಿರಲಿಲ್ಲ.