ಎರಡನೇ ಶನಿವಾರದ ಬಿಸ್ಕತ್ತು

ಆಗ ಮಗಳಿಗೆ ಹನ್ನೊಂದು ವರ್ಷ. ತಿಂಗಳಿಗೆ ಎರಡು ಶನಿವಾರ, ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಅವಳು ನನ್ನ ಜೊತೆ ಇರಬಹುದೆಂದು ಕೋರ್ಟು ಬರೆದುಕೊಟ್ಟಿತ್ತು. ಉಳಿದ ದಿನಗಳಲ್ಲಿ ಅವಳು ಪುಣೆಯ ಒಂದು ತುದಿಯ ಖರಾಡಿಯಲ್ಲಿ, ತಾಯಿಯ ಹತ್ತಿರ. ನಾನು ಇನ್ನೊಂದು ತುದಿಯ ದೇಹೂ ರೋಡಿನಲ್ಲಿ, ನನ್ನ ಹೋಟೆಲಿನ ಹಿಂದಿನ ಬೀದಿಯಲ್ಲಿ ಒಂದು ಬಾಡಿಗೆ ಮನೆ ಹಿಡಿದಿದ್ದೆ. ಕರೆತರುವುದಕ್ಕೂ ಮರಳಿ ಬಿಡುವುದಕ್ಕೂ ಸೇರಿ ಮೂರು ಗಂಟೆ ರಸ್ತೆಯಲ್ಲೇ ಹೋಗುತ್ತಿತ್ತು. ಮಿಕ್ಕ ಐದು ಗಂಟೆ ಏನು ಮಾಡಬೇಕೆಂದು ನಮ್ಮಿಬ್ಬರಿಗೂ ತಿಳಿಯುತ್ತಿರಲಿಲ್ಲ. ಅವಳು ಮೊಬೈಲು ನೋಡುತ್ತ ಕೂರುತ್ತಿದ್ದಳು, ನಾನು ಅವಳನ್ನು ನೋಡುತ್ತ ಕೂರುತ್ತಿದ್ದೆ. ಹೋಟೆಲಿನಿಂದ ಮಸಾಲೆ ದೋಸೆ ತರಿಸಿದರೆ ಅರ್ಧ ತಿಂದು ಬಿಡುತ್ತಿದ್ದಳು.

ಒಂದು ಶನಿವಾರ ಅವಳಾಗಿಯೇ ಮೊಬೈಲನ್ನು ನನ್ನ ಕಡೆ ತಿರುಗಿಸಿದಳು. ದುಂಡನೆಯ ಬಿಸ್ಕತ್ತುಗಳು, ಮೇಲೆ ಬಿಳಿ ಸಕ್ಕರೆಯ ಹೊಳೆಯುವ ಲೇಪ.

"ನಾನೇ ಮಾಡಿದ್ದು. ಶುಗರ್ ಕುಕೀಸ್. ನಿಮ್ಗೆ ಬರುತ್ತಾ ಪಪ್ಪಾ?"

"ಬರದೆ ಎಂತ? ನಾನು ಹೋಟೆಲಿನವ ಅಲ್ವಾ?" ಎಂದೆ.

"ಹಾಗಾದ್ರೆ ನೆಕ್ಸ್ಟ್ ಟೈಮ್ ಇಲ್ಲೇ ಮಾಡೋಣ."

ನನಗೆ ಬರುತ್ತಿರಲಿಲ್ಲ. ಹದಿನೇಳನೆಯ ವಯಸ್ಸಿಗೆ ಕುಂದಾಪುರದ ಕಡೆಯಿಂದ ಪುಣೆಗೆ ಬಂದವನು ನಾನು. ಹಿಟ್ಟು ರುಬ್ಬಿದ್ದೇನೆ, ಕಾವಲಿಯ ಮುಂದೆ ನಿಂತಿದ್ದೇನೆ, ಪೂರಿಯನ್ನು ನಿದ್ದೆಗಣ್ಣಲ್ಲೂ ಕರಿಯಬಲ್ಲೆ. ಆದರೆ ಒಲೆಯ ಮೇಲಿಡುವ ಅಡಿಗೆ ಬೇರೆ, ಬಾಗಿಲು ಮುಚ್ಚಿದ ಪೆಟ್ಟಿಗೆಯೊಳಗಿನ ಅಡಿಗೆ ಬೇರೆ. ಮರುದಿನವೇ ಒಂದು ಸಣ್ಣ ಓವನ್ ತಂದು ಅಡಿಗೆಮನೆಯ ಕಟ್ಟೆಯ ಮೇಲಿಟ್ಟೆ. ಎರಡು ವಾರ, ಮಧ್ಯಾಹ್ನದ ಊಟದ ಗಿರಾಕಿ ಕಡಿಮೆಯಾಗಿ ಸಂಜೆಯ ತಿಂಡಿ ಶುರುವಾಗುವವರೆಗಿನ ಬಿಡುವಿನಲ್ಲಿ ಮನೆಗೆ ಬಂದು ಕಲಿಯತೊಡಗಿದೆ.

ಮೊದಲ ಸಲ ಬೆಣ್ಣೆಯನ್ನು ಒಲೆಯ ಮೇಲೆ ಕರಗಿಸಿಬಿಟ್ಟೆ. ಓವನ್ನಿನೊಳಗೆ ಬಿಸ್ಕತ್ತುಗಳೆಲ್ಲ ಹರಿದು ಒಂದಕ್ಕೊಂದು ಅಂಟಿ ತಟ್ಟೆಯಗಲದ ಒಂದೇ ಹಪ್ಪಳವಾಯಿತು. ಎರಡನೇ ಸಲ ಆ ತಪ್ಪು ಆಗದಂತೆ ನೋಡಿಕೊಂಡೆ. ಬಿಸ್ಕತ್ತು ದುಂಡಗೆ ಬಂತು, ಆದರೆ ಹಲ್ಲಿಗೆ ಬಗ್ಗಲಿಲ್ಲ. ಅದನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿ ಹೋಟೆಲಿನ ಹಿರಿಯ ಅಡಿಗೆಯವರಿಗೆ ಕೊಟ್ಟೆ. ನನಗೆ ಕೆಲಸ ಕಲಿಸಿದವರು ಅವರೇ. ಕಚ್ಚಲು ನೋಡಿ ಕೆಳಗಿಟ್ಟರು.

"ಕಾಣಿ, ನಂಗೆ ಹಲ್ಲ್ ಇಪ್ಪುದೇ ನಾಕ್. ಅದ್ನೂ ಉದುರ್ಸುಕೆ ಮಾಡ್ದ್ರ್ಯಾ?"

ಹೇಗೆ ಮಾಡಿದೆನೆಂದು ಹೇಳಿದೆ. ಅವರು ನನ್ನ ಕೈಯನ್ನು ನೋಡಿದರು.

"ಪೂರಿ ಹಿಟ್ಟಿನಂಗೆ ನಾದಿದ್ರಿ ಅಲ್ದಾ? ಇದಕ್ಕೆ ನಾದೂಕಾಗ. ಮುಟ್ಟಿಯೂ ಮುಟ್ಟದಂಗೆ ಕೂಡ್ಸಿ ಬಿಡಿ." ಬಿಸ್ಕತ್ತನ್ನು ಮತ್ತೆ ಕಾಗದದಲ್ಲಿ ಸುತ್ತುತ್ತ ಕೇಳಿದರು, "ಮಗ್ಳಿಗಾ?"

ಹೌದೆಂದೆ. ಅವರು ಚಟ್ನಿಗೆ ಕಾಯಿ ತುರಿಯಲು ಹೋದರು.

ಮೂರನೇ ಸಲ ಸರಿಯಾಯಿತು. ಮೆತ್ತಗಾದ ಬೆಣ್ಣೆಗೆ ಪುಡಿ ಸಕ್ಕರೆ ಹಾಕಿ ಬಣ್ಣ ತಿಳಿಯಾಗುವವರೆಗೆ ತಿರುವಿ, ಒಂದು ಮೊಟ್ಟೆ, ನಾಲ್ಕು ಹನಿ ವೆನಿಲಾ, ಆಮೇಲೆ ಜರಡಿ ಹಿಡಿದ ಮೈದಾ. ಉಂಡೆ ಕಟ್ಟಿ ಫ್ರಿಜ್ಜಿನಲ್ಲಿಟ್ಟು, ಗಟ್ಟಿಯಾದ ಮೇಲೆ ಲಟ್ಟಿಸಿ, ಲೋಟದ ಬಾಯಿಯಿಂದ ಒತ್ತಿ ಕತ್ತರಿಸಿದೆ. ಬೆಂದು ಬಂದಾಗ ಅಂಚು ಮಾತ್ರ ಹೊಂಬಣ್ಣ. ಒಬ್ಬನೇ ನಿಂತು ಒಂದು ತಿಂದೆ. ಆ ಮನೆಗೆ ಬಂದ ಮೇಲೆ ಅಲ್ಲಿ ಮೊದಲ ಸಲ ಒಳ್ಳೆಯ ವಾಸನೆ ಬಂದಿತ್ತು. ಯಾರನ್ನಾದರೂ ಕರೆದು ತೋರಿಸಬೇಕೆನಿಸಿತು. ಪಕ್ಕದ ಮನೆಗೆ ಬೀಗ ಹಾಕಿತ್ತು.

ಶನಿವಾರ ಅವಳು ಬಂದಳು. ಹಿಟ್ಟನ್ನು ಬೆಳಿಗ್ಗೆಯೇ ಮಾಡಿ ಫ್ರಿಜ್ಜಿನಲ್ಲಿ ಇಟ್ಟಿದ್ದೆ. ಅವಳು ಲಟ್ಟಿಸಿದಳು, ನಾನು ಕತ್ತರಿಸಿದೆ. "ಪಪ್ಪಾ, ತಾಳಿ, ದಪ್ಪ ಆಯ್ತು, ಇನ್ನೂ ಸ್ವಲ್ಪ ಲಟ್ಟಿಸ್ತೀನಿ," ಎಂದು ಅವಳೇ ಹೇಳುತ್ತಿದ್ದಳು. ಮೊಬೈಲು ಸೋಫಾದ ಮೇಲೆ ಮಗುಚಿ ಬಿದ್ದಿತ್ತು. ಬಿಸ್ಕತ್ತು ಆರಿದ ಮೇಲೆ ಬಟ್ಟಲಿನಲ್ಲಿ ಪುಡಿ ಸಕ್ಕರೆಗೆ ಹಾಲನ್ನು ಚಮಚ ಚಮಚವಾಗಿ ಹಾಕಿ ಕಲಸಿದಳು. ಚಮಚ ಎತ್ತಿದರೆ ದಾರದಂತೆ ಇಳಿಯಬೇಕಂತೆ. ಒಂದೊಂದನ್ನೂ ಮುಖ ಕೆಳಗೆ ಮಾಡಿ ಅದ್ದಿ, ತಿರುಗಿಸಿ, ಸಾಲಾಗಿ ಇಡುತ್ತ ಹೋದೆವು.

ಹತ್ತು ಹನ್ನೆರಡು ಬಿಸ್ಕತ್ತು ಆಗಿರಬೇಕು. ಅವಳು ತಲೆ ಎತ್ತದೆ ಹೇಳಿದಳು, "ಪಪ್ಪಾ, ಮಮ್ಮಿಗೆ ಹೈದರಾಬಾದಿಗೆ ಟ್ರಾನ್ಸ್‌ಫರ್ ಆಗಿದೆ. ಜೂನ್‌ನಲ್ಲಿ ಹೋಗ್ತೀವಿ. ವಕೀಲರು ನಿಮ್ಗೆ ಹೇಳ್ತಾರಂತೆ. ನಾನು ಹೇಳ್ಬಾರ್ದಿತ್ತು."

ನನ್ನ ಕೈಯಲ್ಲಿದ್ದ ಬಿಸ್ಕತ್ತು ಬಟ್ಟಲಿನೊಳಗೆ ಜಾರಿತು. ಅದನ್ನು ಬೆರಳಿನಿಂದ ಎತ್ತಿ ಬದಿಗಿಟ್ಟೆ.

"ಶಾಲೆ ನೋಡಿದ್ರಾ?" ಎಂದು ಕೇಳಿದೆ.

"ನೋಡಿದೀವಿ. ದೊಡ್ಡದು. ಸ್ವಿಮ್ಮಿಂಗ್ ಪೂಲ್ ಇದೆ."

"ಒಳ್ಳೇದಾಯ್ತು."

"ನಿಮ್ಗೆ ಸಿಟ್ಟು ಬಂತಾ?"

"ಇಲ್ಲ ಮಗಾ. ನೀನು ಹೇಳಿದ್ದು ಒಳ್ಳೇದೇ ಆಯ್ತು."

ಅವಳು ಅಳಲಿಲ್ಲ, ನಾನೂ ಅಳಲಿಲ್ಲ. ಉಳಿದ ಬಿಸ್ಕತ್ತುಗಳನ್ನು ಅದ್ದಿ ಮುಗಿಸಿದೆವು. ಲೇಪ ಆರಲು ಇನ್ನೂ ಕೆಲವು ಗಂಟೆ ಬೇಕಿತ್ತು, ನಾವು ನಾಲ್ಕೂವರೆಗೆ ಹೊರಡಬೇಕಿತ್ತು. ಡಬ್ಬಿಗೆ ಹಾಕಿದರೆ ಅಂಟುತ್ತದೆಂದು ಅವಳು ಎರಡನ್ನು ಮಾತ್ರ ಅಂಗೈಯಲ್ಲಿ ಹಿಡಿದುಕೊಂಡು ಕಾರು ಹತ್ತಿದಳು. ಒಂದನ್ನು ಸಿಗ್ನಲ್ಲಿನಲ್ಲಿ ನನ್ನ ಬಾಯಿಗಿಟ್ಟಳು.

ಅವಳನ್ನು ಬಿಟ್ಟು ಬಂದಾಗ ಮನೆ ಕತ್ತಲಾಗಿತ್ತು. ದೀಪ ಹಾಕಿ ನೋಡಿದರೆ ಮೇಜಿನ ತುಂಬ ಬಿಸ್ಕತ್ತು, ಎಲ್ಲ ಆರಿ ಗಟ್ಟಿಯಾಗಿದ್ದವು. ಹೋಟೆಲಿಗೆ ಒಯ್ಯಲು ಮನಸ್ಸಾಗಲಿಲ್ಲ. ಒಂಬತ್ತು ದಿನ ಚಹಾದ ಜೊತೆ ಒಬ್ಬನೇ ತಿಂದು ಮುಗಿಸಿದೆ.

ಜೂನಿನಲ್ಲಿ ಅವರು ಹೋದರು. ನನ್ನ ವಕೀಲರು ತಕರಾರು ಹಾಕೋಣವೇ ಎಂದು ಕೇಳಿದ್ದರು, ನಾನು ಬೇಡವೆಂದೆ. ಮಗಳನ್ನು ಇನ್ನೊಮ್ಮೆ ಕೋರ್ಟಿನ ಬೆಂಚಿನ ಮೇಲೆ ಕೂರಿಸುವ ಧೈರ್ಯ ನನಗಿರಲಿಲ್ಲ. ಶನಿವಾರಗಳಲ್ಲಿ ಮತ್ತೆ ಗಲ್ಲಾದಲ್ಲಿ ಕೂರತೊಡಗಿದೆ. ಮೊದಮೊದಲು ಎಂಟೂವರೆ ಹತ್ತಿರವಾದರೆ ಕೈ ತಾನಾಗಿ ಕಾರಿನ ಕೀಲಿಯ ಕಡೆ ಹೋಗುತ್ತಿತ್ತು. ಭಾನುವಾರ ವಿಡಿಯೋ ಕಾಲಿನಲ್ಲಿ ಅವಳು ಶಾಲೆ, ಈಜು ಎಂದು ಹೇಳುತ್ತಿದ್ದಳು, ಕೆಲವು ಸಲ ಐದೇ ನಿಮಿಷದಲ್ಲಿ ಮಾತು ಮುಗಿಯುತ್ತಿತ್ತು.

ದೀಪಾವಳಿ ರಜೆಯಲ್ಲಿ ನಾಲ್ಕು ದಿನಕ್ಕೆ ಬಂದಳು. ಅವಳು ನನ್ನ ಮನೆಯಲ್ಲಿ ರಾತ್ರಿ ತಂಗಿದ್ದು ಅದೇ ಮೊದಲು. ಸ್ವಲ್ಪ ಎತ್ತರವಾಗಿದ್ದಳು. ಏನು ಮಾಡೋಣ ಎಂದು ಕೇಳಿದರೆ, "ಏನೂ ಬೇಡ ಪಪ್ಪಾ, ನಂಗೆ ನಿದ್ದೆ ಮಾಡ್ಬೇಕು," ಎಂದಳು. ಮೊದಲ ದಿನ ಬೆಳಿಗ್ಗೆ ಒಂಬತ್ತೂವರೆಯಾದರೂ ಏಳಲಿಲ್ಲ. ಸದ್ದಾದೀತೆಂದು ನಾನು ಮಿಕ್ಸಿ ಹಾಕಲಿಲ್ಲ. ಹೋಟೆಲಿನಿಂದ ಫೋನು ಬಂದರೆ ಬಾಲ್ಕನಿಗೆ ಹೋಗಿ ತಗ್ಗಿದ ದನಿಯಲ್ಲಿ ಮಾತಾಡಿದೆ. ಆಮೇಲೆ ಅವಳ ಕೋಣೆಯ ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಕೊಂಡು, ಪೇಪರು ಓದುತ್ತ ಕೂತೆ.